ಎಲ್ಲಮ್ಮನ ಮನೆಯ ಒಗ್ಗರಣೆ

ದೇಶನೂರಿನಲ್ಲಿ ಭತ್ತದ ನಾಟಿ ಎಂದರೆ ಚನ್ನವೀರಮ್ಮನ ಗುಂಪು. ಕೆಲಸ ಹಿಡಿಯುವವಳೂ ಅವಳೇ, ಬೈಯುವವಳೂ ಅವಳೇ. ಅವಳ ಬಾಯಿಗೆ ಗದ್ದೆಯ ಯಜಮಾನರೇ ಹೆದರುತ್ತಾರೆ, ಇನ್ನು ಕೊರೊನಾ ಯಾವ ಲೆಕ್ಕ ಎಂದು ಊರು ನಗುತ್ತಿತ್ತು. ಆದರೆ ಆ ಬೇಸಿಗೆಯಲ್ಲಿ ಅವಳ ತಮ್ಮ ಬಳ್ಳಾರಿಯ ಆಸ್ಪತ್ರೆಯಲ್ಲಿ ಕೊರೊನಾದಿಂದ ತೀರಿಕೊಂಡ. ಮುಖ ನೋಡಲೂ ಆಗಲಿಲ್ಲ. ಆಮೇಲೆ ಚನ್ನವೀರಮ್ಮ ನಕ್ಕಿದ್ದನ್ನು ಯಾರೂ ಕಾಣಲಿಲ್ಲ.

ಕಾಲುವೆಗೆ ನೀರು ಬಿಟ್ಟ ಹೊತ್ತಿಗೆ ಸಿರುಗುಪ್ಪದಿಂದ ಲಸಿಕೆಯ ಜೀಪೂ ಬಂತು. ಆಶಾ ಕಾರ್ಯಕರ್ತೆ ಭಾವನಾ ಮನೆಮನೆ ಸುತ್ತಿ, "ಬಲವಂತ ಇಲ್ರಿ, ಹಾಕಿಸ್ಕಂಡ್ರ ನಿಮಗ ಒಳ್ಳೇದು" ಎಂದು ತಾಳ್ಮೆಯಿಂದ ಹೇಳುತ್ತಿದ್ದಳು. ಚನ್ನವೀರಮ್ಮನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ತಾನೇ ಮೊದಲು ತೋಳು ಒಡ್ಡಿ ಬಂದು ಗುಂಪಿನ ಮುಂದೆ ನಿಂತಳು.

"ಸೂಜಿ ಹಾಕಿಸ್ಕಳದಾಕಿ ನನ್ನ ಗುಂಪಿನಾಗ ಬರಂಗಿಲ್ಲ!"

ಎಲ್ಲರೂ ಗೊಣಗುತ್ತಾ ಜೀಪಿನ ಕಡೆ ಹೋದರು. ಅವಳ ಜೀವದ ಗೆಳತಿ ಎಲ್ಲಮ್ಮ ಮಾತ್ರ ತಿರುಗಿ ನಿಂತಳು. "ನನ್ನ ಮೈ ನಂದು. ಹೇಳಾಕ ನೀ ಯಾರು?"

"ಹಂಗಾರ ಮನ್ಯಾಗ ಕುಂದ್ರು."

ಕೂಲಿ ಬಿಟ್ಟು ಮನೆಯಲ್ಲಿ ಕೂರುವುದಾದರೂ ಹೇಗೆ? ಎಲ್ಲಮ್ಮ ಅಳುತ್ತಲೇ ಸೂಜಿ ಹಾಕಿಸಿಕೊಂಡಳು.

ಮರುದಿನ ಅವಳು ಗದ್ದೆಗೆ ಬರಲಿಲ್ಲ. ಸಂಜೆ ಚನ್ನವೀರಮ್ಮ ಹೋಗಿ ನೋಡಿದರೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಎಲ್ಲಮ್ಮನ ಮೈ ಸುಡುತ್ತಿದ್ದುದನ್ನೂ ತೋಳು ಕೆಂಪಗೆ ಊದಿದ್ದನ್ನೂ ಕಂಡು, ಇದು ಬರೀ ಸೂಜಿಯ ಜ್ವರವಲ್ಲ, ಸೂಜಿಗೆ ಮುನಿದು ಮೈಮೇಲೆ ಅಮ್ಮ ಎದ್ದಿದ್ದಾಳೆ ಎಂದು ಅತ್ತೆ ಶಿವಬಸಮ್ಮ ತೀರ್ಮಾನಿಸಿಬಿಟ್ಟಿದ್ದಳು. ಅಮ್ಮ ಬಂದ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ, ಒಲೆಯ ಮೇಲೆ ಒಗ್ಗರಣೆ ಸಿಡಿಯುವಂತಿಲ್ಲ. ಭಾವನಾ ಹೊಸ್ತಿಲಾಚೆಯಿಂದ ಕೊಟ್ಟ ಜ್ವರದ ಗುಳಿಗೆಯನ್ನು ನುಂಗಿಸಿದರೋ ಇಲ್ಲವೋ, ದೇವರಿಗೇ ಗೊತ್ತು.

"ನಿನ್ನ ಹಟಕ್ಕ ನನ್ನ ಸೊಸಿ ಮಲಗ್ಯಾಳ, ನಡಿ!" ಎಂದು ಶಿವಬಸಮ್ಮ ಚನ್ನವೀರಮ್ಮನ ಮುಖಕ್ಕೇ ಬಾಗಿಲು ಹಾಕಿದಳು.

ಆ ರಾತ್ರಿ ಚನ್ನವೀರಮ್ಮ ಬಡಿಸಿಕೊಂಡ ಊಟವನ್ನು ಹಾಗೇ ಮುಚ್ಚಿಟ್ಟಳು. ತಮ್ಮನನ್ನು ರೋಗ ಒಯ್ದಿತ್ತು. ಎಲ್ಲಮ್ಮನಿಗೆ ಏನಾದರೂ ಆದರೆ ಆ ಪಾಪ ತನ್ನದೇ. ನಾಲ್ಕು ಒಳ್ಳೆಯ ಮಾತು ಹೇಳುವ ಬದಲು ಕೂಲಿ ತೋರಿಸಿ ಹೆದರಿಸಿದೆನಲ್ಲ ಎಂದು ಹಳಹಳಿಸಿದಳು.

ಮತ್ತೆ ಬೆಳಗಾಗುತ್ತಲೇ ಹೋಗಿ ಆ ಬಾಗಿಲ ಮುಂದೆ ನಿಂತಳು. ಬಾಡಿದ ಬೇವು ಇನ್ನೂ ತೂಗುತ್ತಿತ್ತು. ಅಷ್ಟರಲ್ಲಿ ಒಳಗೆ ಚುಂಯ್ ಎಂದಿತು. ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಘಾಟು ಮೂಗಿಗೆ ಹೊಡೆಯಿತು. ಒಗ್ಗರಣೆ! ಹಾಗಾದರೆ ಅಮ್ಮ ಇಳಿದಳೆಂದು ಶಿವಬಸಮ್ಮನೇ ಒಪ್ಪಿಕೊಂಡಿದ್ದಾಳೆ, ಜ್ವರ ಬಿಟ್ಟಿದೆ. ಚನ್ನವೀರಮ್ಮ ಹಾಗೆಯೇ ಕಟ್ಟೆಯ ಮೇಲೆ ಕೂತಳು. ಘಾಟಿಗೆ ಕೆಮ್ಮು ಒತ್ತರಿಸಿ ಬಂತು.

"ಯಾರದು ಬಾಗಿಲಾಗ ಕೆಮ್ಮೋರು?" ಒಳಗಿನಿಂದ ಎಲ್ಲಮ್ಮನ ದನಿ. "ಸೂಜಿ ಹಾಕಿಸ್ಕಳದಾಕಿ ನನ್ನ ಕಟ್ಟಿ ಹತ್ತಂಗಿಲ್ಲ!"

ಚನ್ನವೀರಮ್ಮ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಾಕಿಸ್ಕಂಡೀನಿ ನಮ್ಮವ್ವ. ಎರಡನೇ ಸೂಜಿಗೆ ನಾ ನಿನಗ ಹೇಳಂಗಿಲ್ಲ. ನಿನ್ನಿಷ್ಟ."

ಎಲ್ಲಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದಳು. "ಹೇಳಬ್ಯಾಡ. ಜೋಡಿ ಬಾ. ಚುಚ್ಚೋ ಮುಂದ ಕೈ ಹಿಡ್ಕಳಾಕ ನನಗ್ಯಾರು ಅದಾರ?"