ನೆಗೆಣ್ಣಿಯರ ಡಾಂಗಲ್

ನನ್ನನ್ನು ಹೆಸರು ಹಿಡಿದು ಕರೆಯುವವರು ಈಗ ನಮ್ಮ ಮನೆಯಲ್ಲಷ್ಟೇ ಉಳಿದಿದ್ದಾರೆ. ಹೊರಗೆ, ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ, ನಾನು ‘ಡಾಂಗಲ್ ಅಕ್ಕ’. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹಾಗೆ ಕೂಗಿದಾಗ ಪಕ್ಕದಲ್ಲಿ ಕೂತಿದ್ದ ಅಜ್ಜಿ, ‘ಇದೆಂಥಾ ಹೆಸರವ್ವಾ, ಯಾವ ದೇವರದು?’ ಎಂದು ಕೇಳಿದಳು. ನನಗೆ ಆಗಲೇ ಬಸ್ಸು ತಪ್ಪಿತ್ತು, ಸಿಟ್ಟಿನಲ್ಲಿದ್ದೆ. ‘ಕಂಪ್ಯೂಟರ್ ದೇವರದು’ ಅಂದೆ. ಅಜ್ಜಿ ಕಣ್ಣು ಮುಚ್ಚಿ ಕೈಮುಗಿದುಬಿಟ್ಟಳು. ಆಮೇಲೆ ನಾನು ಸುಮ್ಮನೆ ಅವಳ ಚೀಲ ಎತ್ತಿ ಬಸ್ಸಿಗೆ ಹತ್ತಿಸಿದೆ.

ನನ್ನ ಕೆಲಸ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ತಲೆನೋವು. ಬ್ಲೌಸಿನ ತೋಳಿಗೆ ಬಳ್ಳಿ, ನವಿಲು, ಮದುಮಗಳ ಹೆಸರು ಹೊಲಿಯುವ ಕಂಪ್ಯೂಟರ್ ಎಂಬ್ರಾಯಿಡರಿ ಮಷೀನುಗಳು ಈಗ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಹೀಗೆ ನಮ್ಮ ಐದೂ ಊರುಗಳಲ್ಲಿವೆ. ಮಷೀನು ತಾನಾಗಿ ಏನನ್ನೂ ಬಿಡಿಸುವುದಿಲ್ಲ. ಡಿಸೈನ್ ಮಾಡಲು ಒಂದು ಸಾಫ್ಟ್‌ವೇರ್ ಬೇಕು, ಆ ಸಾಫ್ಟ್‌ವೇರಿಗೆ ಲೈಸೆನ್ಸ್ ಬೇಕು, ಆ ಲೈಸೆನ್ಸುಗಳನ್ನು ನೋಡಿಕೊಳ್ಳುವವಳು ನಾನು. ದಾವಣಗೆರೆಯ ಡೀಲರ್ ಆಫೀಸಿನವರು ಮಾರಿ ಕೈತೊಳೆದುಕೊಳ್ಳುತ್ತಾರೆ. ಯಾರ ಲೈಸೆನ್ಸ್ ಎಂದಿಗೆ ಮುಗಿಯುತ್ತದೆ, ಯಾರಿಗೆ ಹೊಸ ವರ್ಷನ್ ಸಿಗಬೇಕು, ಅಂಗಡಿ ಕೈ ಬದಲಾದರೆ ಹಕ್ಕು ಯಾರಿಗೆ ಹೋಗಬೇಕು, ಇದೆಲ್ಲ ಹಗರಿಬೊಮ್ಮನಹಳ್ಳಿಯಲ್ಲಿ ಕೂತ ನನ್ನ ತಲೆಗೆ. ಉಳಿದ ನಾಲ್ಕೂ ಊರಿಗೆ ನಮ್ಮೂರು ನಡುವೆ ಬೀಳುತ್ತದೆ ಎಂಬ ಒಂದೇ ಕಾರಣಕ್ಕೆ ನನಗೆ ಈ ಕೆಲಸ ಸಿಕ್ಕಿದ್ದು.

ಇತ್ತೀಚಿನವರೆಗೂ ಲೈಸೆನ್ಸ್ ಎಂದರೆ ಡಾಂಗಲ್. ನೋಡಲು ಪೆನ್ ಡ್ರೈವಿನ ಹಾಗೆಯೇ, ಹೆಬ್ಬೆರಳಿನಷ್ಟು ಉದ್ದ. ಒಳಗೆ ಹಾಡೂ ಇಲ್ಲ, ಫೋಟೋನೂ ಇಲ್ಲ. ಕಂಪ್ಯೂಟರಿಗೆ ಚುಚ್ಚಿದರೆ ಸಾಫ್ಟ್‌ವೇರ್ ತೆರೆಯುತ್ತದೆ, ಕಿತ್ತರೆ ಮುಚ್ಚಿಕೊಳ್ಳುತ್ತದೆ. ಇಷ್ಟು ಸಣ್ಣ ಸಾಮಾನಿಗೆ ಇಷ್ಟು ದೊಡ್ಡ ಅಧಿಕಾರ ಇರುವುದನ್ನು ಕಂಡ ನಮ್ಮ ಜನ ಅದನ್ನು ಸಾಮಾನು ಎಂದು ನೋಡಲೇ ಇಲ್ಲ. ಕೂಡ್ಲಿಗಿಯ ಒಬ್ಬರು ಆಯುಧ ಪೂಜೆಯ ದಿನ ಅದರ ಮೂತಿಗೇ ಅರಿಶಿಣ ಕುಂಕುಮ ಹಚ್ಚಿ, ಮರುದಿನ ‘ಯಾಕೋ ತೆರೀವಲ್ದು ಅಕ್ಕಾರ’ ಎಂದು ಫೋನ್ ಮಾಡಿದರು. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಕುಂಕುಮ ಉದುರಿಸಿ ಕೊಟ್ಟು ಬಂದೆ. ಹರಪನಹಳ್ಳಿಯ ಇನ್ನೊಬ್ಬರು ಅದನ್ನು ಹೆಂಡತಿಯ ಬಂಗಾರದ ಜೊತೆ ಬೀರುವಿನಲ್ಲಿಟ್ಟಿದ್ದರು. ಆಕೆ ಬೀರುವಿನ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಉಚ್ಚಂಗಿದುರ್ಗಕ್ಕೆ ಅಮ್ಮನ ದರ್ಶನಕ್ಕೆ ಹೋದರು. ಇಡೀ ದಿನ ಅಂಗಡಿ ಬಂದ್. ನಾನು ಬೈದೆ. ಬೈಯುತ್ತಲೇ ನಗುವೂ ಬಂತು. ನನಗೆ ಈ ಜನರ ಮೇಲೆ ಪ್ರೀತಿ ಇರುವುದೇ ಇಂಥದ್ದಕ್ಕೆ.

ಆದರೆ ನಾನು ಹೇಳಬೇಕಾದದ್ದು ಇಬ್ಬರು ನೆಗೆಣ್ಣಿಯರ ಮಾತು.

ಇಬ್ಬರೂ ಅಣ್ಣ ತಮ್ಮಂದಿರನ್ನು ಮದುವೆಯಾಗಿ ಇಟ್ಟಿಗಿಯ ಒಂದೇ ಮನೆಗೆ ಸೊಸೆಯಾಗಿ ಬಂದವರು. ದೊಡ್ಡಾಕೆ ಮನೆಯ ಪಡಸಾಲೆಯಲ್ಲಿ ಒಂದು ಹಳೆಯ ಎಂಬ್ರಾಯಿಡರಿ ಮಷೀನು ಹಾಕಿದಳು, ಸಾಫ್ಟ್‌ವೇರೂ ಅವಳ ಹೆಸರಿನಲ್ಲೇ ಬಂತು. ಚಿಕ್ಕಾಕೆ ಅವಳ ಪಕ್ಕದಲ್ಲಿ ಕೂತು ಕಲಿತಳು. ಆಮೇಲೆ ಮನೆ ಭಾಗವಾಯಿತು. ಜಗಳವಿಲ್ಲದೆ ಆಯಿತು ಎಂದು ಇಬ್ಬರೂ ಹೇಳುತ್ತಾರೆ. ನಾನು ಅಲ್ಲಿರಲಿಲ್ಲ, ನಂಬುತ್ತೇನೆ. ಹೊಲ, ಎಮ್ಮೆ, ಹಂಡೆ, ಕೊಪ್ಪರಿಗೆ ಎಲ್ಲವೂ ಎರಡು ಭಾಗವಾದವು. ದೊಡ್ಡಾಕೆ ಗಂಡನ ಜೊತೆ ಹಡಗಲಿಗೆ ಹೋಗಿ ಅಂಗಡಿ ಇಟ್ಟಳು, ಚಿಕ್ಕಾಕೆ ಕೊಟ್ಟೂರಿನಲ್ಲಿ ಬೇರೆ ಮಷೀನು ಹಾಕಿಕೊಂಡಳು. ಭಾಗ ಮಾಡಲು ಬಾರದೆ ಉಳಿದದ್ದು ಡಾಂಗಲ್ ಒಂದೇ.

ಅದನ್ನು ಅವರು ಪಾಲು ಮಾಡಿಕೊಂಡ ರೀತಿ ನನ್ನ ಕಂಪನಿಯ ಯಾವ ಬುದ್ಧಿವಂತನಿಗೂ ಹೊಳೆಯುತ್ತಿರಲಿಲ್ಲ. ಹಡಗಲಿಯ ಮಲ್ಲಿಗೆ ಬೆಳಗಿನ ಬಸ್ಸಿನಲ್ಲಿ ಬುಟ್ಟಿ ಬುಟ್ಟಿಯಾಗಿ ಕೊಟ್ಟೂರಿಗೆ ಬರುತ್ತದೆ. ಬಸ್ ಸ್ಟ್ಯಾಂಡಿನ ಬಳಿ ಹೂ ಮಾರುವ ಒಬ್ಬಾಕೆ ಅದನ್ನು ಇಳಿಸಿಕೊಳ್ಳುತ್ತಾಳೆ. ದೊಡ್ಡಾಕೆ ದಿನ ಬಿಟ್ಟು ದಿನ, ಡಾಂಗಲನ್ನು ಕರ್ಚೀಪಿನಲ್ಲಿ ಗಂಟು ಕಟ್ಟಿ ಆ ಬುಟ್ಟಿಯ ಹಿಡಿಕೆಗೆ ಬಿಗಿಯುತ್ತಿದ್ದಳು. ಜೊತೆಗೆ ನೆಗೆಣ್ಣಿಯ ತಲೆಗೆಂದು ಒಂದು ಮಾರು ಹೂವು. ಹೂವಿನಾಕೆ ಅದನ್ನು ಅಂಗಡಿಗೆ ಮುಟ್ಟಿಸಿ, ಸಂಜೆ ಖಾಲಿ ಬುಟ್ಟಿಯ ಜೊತೆ ಡಾಂಗಲನ್ನು ಹಡಗಲಿ ಬಸ್ಸು ಹತ್ತಿಸುತ್ತಿದ್ದಳು. ಒಂದು ದಿನ ಇಲ್ಲಿ, ಒಂದು ದಿನ ಅಲ್ಲಿ. ಚಿಕ್ಕಾಕೆ ಎಂದೂ ‘ಇವತ್ತು ಕಳಿಸ್ತೀಯಾ?’ ಎಂದು ಕೇಳಿದವಳಲ್ಲ. ಕೇಳುವ ಮೊದಲೇ ಬಂದಿರುತ್ತಿತ್ತು.

ನನಗೆ ಇದು ಗೊತ್ತಾದಾಗ, ನಿಯಮಕ್ಕೆ ವಿರುದ್ಧವೇನೋ ಎಂದು ದಾವಣಗೆರೆಗೆ ಫೋನ್ ಮಾಡಿದೆ. ಆಫೀಸಿನವರು ಕೇಳಿ ನಕ್ಕರು. ‘ಒಂದು ಸಲಕ್ಕೆ ಒಂದೇ ಕಂಪ್ಯೂಟರ್‌ನಲ್ಲಿ ನಡೆದ್ರೆ ಸಾಕು ಮೇಡಂ. ಡಾಂಗಲ್ ಬಸ್ಸಲ್ಲಾದ್ರೂ ಹೋಗ್ಲಿ, ಎತ್ತಿನ ಗಾಡಿಯಲ್ಲಾದ್ರೂ ಹೋಗ್ಲಿ.’ ಆದರೂ ನನಗೆ ಸುಮ್ಮನಿರಲಾಗಲಿಲ್ಲ. ಹಡಗಲಿಗೆ ಹೋದಾಗ ದೊಡ್ಡಾಕೆಗೆ ಬುದ್ಧಿ ಹೇಳಿದೆ: ಬಿಸಿಲಿಗೆ ಇಡಬೇಡಿ, ಕಾವು ಹತ್ತಿದರೆ ಕೆಡುತ್ತದೆ. ಅವಳು ಪಾಠ ಕೇಳುವ ಹುಡುಗಿಯಂತೆ ತಲೆಯಾಡಿಸಿದಳು.

ಈ ಸಲದ ಬೇಸಿಗೆ ನಿಮಗೂ ಗೊತ್ತು. ಒಂದು ಬೆಳಿಗ್ಗೆ ಕೊಟ್ಟೂರಿನಿಂದ ಚಿಕ್ಕಾಕೆಯ ಫೋನ್ ಬಂತು, ಮದುವೆ ಬ್ಲೌಸುಗಳು ಟೇಬಲ್ ತುಂಬಾ ಬಿದ್ದಿವೆ, ಡಾಂಗಲ್ ಜೀವ ಬಿಟ್ಟಿದೆ. ಸ್ಕೂಟಿ ಹತ್ತಿ ಹೋದೆ. ಅವಳು ಡಾಂಗಲನ್ನು ಬಟ್ಟಲಲ್ಲಿಟ್ಟು ಫ್ಯಾನಿನ ಕೆಳಗೆ ಒಣಗಿಸುತ್ತಿದ್ದಳು. ಮೂಗಿನ ಹತ್ತಿರ ಹಿಡಿದರೆ ಘಮ್ಮೆಂದು ಮಲ್ಲಿಗೆ ವಾಸನೆ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ನೀರು.

ಹಡಗಲಿಗೆ ಫೋನ್ ಹಚ್ಚಿದೆ. ದೊಡ್ಡಾಕೆ ಅಂಜುತ್ತ ಅಂಜುತ್ತ ಹೇಳಿದಳು. ‘ನೀವ ಅಂದಿದ್ರೆಲ್ಲ ಅಕ್ಕಾರ, ಕಾವು ಹತ್ತಿದ್ರ ಕೆಡತೈತಿ ಅಂತ. ಈ ಬಿಸಿಲಾಗ ಹೂವ ಬಾಡತಾವ, ಇದು ಹೆಂಗ ತಡಕಂತೈತಿ ಅಂತ ಹಸಿ ಅರಿವ್ಯಾಗ ಸುತ್ತಿ, ಹೂವಿನ ನಡುವ ತಣ್ಣಗ ಇಟ್ಟು ಕಳಿಸಿದೆ.’

ಇಷ್ಟು ಅಕ್ಕರೆಯಿಂದ ಒಂದು ಸಾಮಾನನ್ನು ಕೊಂದವರನ್ನು ಏನೆಂದು ಬೈಯುವುದು?

ಆಫೀಸಿನವರು ಈ ಸಲ ನಗಲಿಲ್ಲ. ಕಂಪನಿ ಡಾಂಗಲ್ ಕೊಡುವುದನ್ನೇ ನಿಲ್ಲಿಸಿದೆ, ಕೆಟ್ಟದ್ದನ್ನು ವಾಪಸ್ ಕಳಿಸಿದರೆ ಅದರ ಬದಲು ಆನ್‌ಲೈನ್ ಅಕೌಂಟ್ ಕೊಡುತ್ತಾರೆ, ಅದಕ್ಕೆ ಒಂದು ವಾರ ಹಿಡಿಯುತ್ತದೆ ಎಂದರು. ಅಷ್ಟರವರೆಗೆ ಒಂದು ಕಂಪ್ಯೂಟರಿಗೆ ಮಾತ್ರ ತಾತ್ಕಾಲಿಕ ಲೈಸೆನ್ಸ್. ಮದುವೆಯ ಕೆಲಸ ಕೊಟ್ಟೂರಿನಲ್ಲಿತ್ತು, ಅಲ್ಲಿಗೇ ಹಾಕಿದೆ. ಮರುದಿನ ನೋಡಿದರೆ ದೊಡ್ಡಾಕೆ ಹಡಗಲಿಯ ಅಂಗಡಿಗೆ ಬೀಗ ಹಾಕಿ, ತನ್ನ ಗಿರಾಕಿಗಳ ಬಟ್ಟೆಯ ಗಂಟು ಹೊತ್ತು ಕೊಟ್ಟೂರಿಗೆ ಬಂದುಬಿಟ್ಟಿದ್ದಾಳೆ. ವಾರವಿಡೀ ಇಬ್ಬರೂ ಒಂದೇ ಕಂಪ್ಯೂಟರಿನ ಮುಂದೆ. ದೊಡ್ಡಾಕೆ ಬಳ್ಳಿ ಎಳೆಯುವುದು, ಚಿಕ್ಕಾಕೆ ಅದರ ನಡುವೆ ಹೆಸರು ಕೂಡಿಸುವುದು. ‘ಆ ಎಲಿ ಸೊಟ್ಟ ಆತು ಬೇ ಯಕ್ಕಾ.’ ‘ನಿನ್ನ ಮೂಗಿಗಿಂತ ನೆಟ್ಟಗೈತಿ, ಬಿಡು.’ ನನಗೆ ಅಲ್ಲಿ ಕೆಲಸವೇನೂ ಇರಲಿಲ್ಲ. ಆದರೂ ಕೂಡ್ಲಿಗಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಇಣುಕಿ, ಮಂಡಕ್ಕಿ ಮಿರ್ಚಿ ತಿಂದು ಬರುತ್ತಿದ್ದೆ. ಅವರ ಮಾತು ಕೇಳುತ್ತಾ ಕೂತರೆ ದಣಿವು ಹೋಗುತ್ತಿತ್ತು.

ವಾರದ ಕೊನೆಗೆ ಅಕೌಂಟ್ ಬಂತು. ನಾನು ಗೆದ್ದವಳ ಹಾಗೆ ಬೀಗುತ್ತ ಹೋಗಿ ಇಬ್ಬರಿಗೂ ವಿವರಿಸಿದೆ. ಇನ್ನು ಮೇಲೆ ಬಸ್ಸಿನ ಕಾಟವಿಲ್ಲ. ಹಡಗಲಿಯಲ್ಲೂ ತೆರೆಯಬಹುದು, ಕೊಟ್ಟೂರಿನಲ್ಲೂ ತೆರೆಯಬಹುದು, ಒಂದು ಸಲಕ್ಕೆ ಒಬ್ಬರು. ತೆರೆಯುವಾಗ ಪ್ರತಿ ಸಲ ಫೋನಿಗೆ ಒಂದು ಒಟಿಪಿ ಬರುತ್ತದೆ, ಅದನ್ನು ಕಂಪ್ಯೂಟರಿಗೆ ಹಾಕಿದರಾಯಿತು. ಬಿಲ್ಲು ದೊಡ್ಡಾಕೆಯ ಹೆಸರಿನಲ್ಲಿದೆ, ಹಾಗಾಗಿ ಹಕ್ಕು ಅವಳದು, ಫೋನ್ ನಂಬರೂ ಅವಳದೇ ಇರುತ್ತದೆ.

‘ಮತ್ತ ನಾ ತೆರೀಬೇಕಂದ್ರ?’ ಎಂದಳು ಚಿಕ್ಕಾಕೆ.

‘ಅಕ್ಕನಿಗೆ ಫೋನ್ ಮಾಡಿ ಒಟಿಪಿ ಕೇಳೋದು. ಅಷ್ಟೇ.’

‘ದಿನಾ?’

‘ತೆರೆದಾಗೊಮ್ಮೆ.’

ಅವಳ ಮುಖ ಬಾಡಿತು. ಸೂಜಿ ಬದಲಿಸುವ ನೆವ ಮಾಡಿ ಮಷೀನಿನ ಕಡೆ ತಿರುಗಿದಳು. ನನಗೆ ಅರ್ಥವಾಗಲಿಲ್ಲ, ಅರ್ಥವಾಗದಿದ್ದರೆ ನನಗೆ ಸಿಟ್ಟು ಬರುತ್ತದೆ. ‘ಯಾಕವ್ವಾ, ಬಸ್ಸಿಗೆ ಕಾಯೋದಕ್ಕಿಂತ ಒಂದು ಫೋನ್ ಕಷ್ಟಾನಾ?’ ಎಂದು ದನಿ ಏರಿಸಿದೆ.

ತಿರುಗದೆಯೇ ಹೇಳಿದಳು. ‘ಕಷ್ಟ ಅಲ್ರಿ ಅಕ್ಕಾರ. ಆ ಮನ್ಯಾಗ ಮೈಗೆ ಹಚ್ಚೋ ಸೋಪಿಗೂ ಅತ್ತಿನ್ನ ಕೇಳಬೇಕಿತ್ತು. ತವರಿಗೆ ಹೋಗಾಕ ಕೇಳಬೇಕಿತ್ತು, ತಲಿಗೆ ಎಣ್ಣಿ ಕೇಳಬೇಕಿತ್ತು. ಬ್ಯಾರೆ ಆದಮ್ಯಾಲೆ ಈ ಅಂಗಡಿ ಮಾಡೇನಿ, ಒಬ್ಬರ ಮುಂದೂ ಹೋಗಿ ಏನೂ ಕೇಳಿಲ್ಲ. ಈಗ ನನ್ನ ಅಂಗಡಿ ಬಾಗಲಾ ತೆರದು ಕುಂತು, ದಿನಾ ಮುಂಜಾನಿ ಕೇಳಬೇಕೇನು? ಅಕ್ಕ ಕೊಡ್ತಾಳ, ನನಗ ಗೊತ್ತೈತಿ. ಕೊಡೋದು ಬ್ಯಾರೆ, ಕೇಳೋದು ಬ್ಯಾರೆ. ನಾ ಹೊಸಾದು ತಗಂತೀನಿ, ಇದು ಅಕ್ಕಗ ಇರ್ಲಿ.’

ಹೊಸ ಲೈಸೆನ್ಸ್ ತೆಗೆದುಕೊಳ್ಳುವ ತಾಕತ್ತು ಅವಳಿಗೆ ಇರಲಿಲ್ಲ. ಅದು ನಮ್ಮ ಮೂವರಿಗೂ ಗೊತ್ತಿತ್ತು. ಹೊಸದಿಲ್ಲ, ಹಳೆಯದನ್ನು ಕೇಳುವುದಿಲ್ಲ ಎಂದರೆ ಅಂಗಡಿಯಲ್ಲಿ ಹಳೆಯ ಡಿಸೈನುಗಳನ್ನೇ ತಿರುಗಿಸಿ ತಿರುಗಿಸಿ ಹೊಲಿಯಬೇಕು, ಹೆಸರು ಬರೆಸಲು ಬರುವ ಗಿರಾಕಿಗಳನ್ನೆಲ್ಲ ಬಿಟ್ಟುಕೊಡಬೇಕು. ಅವಳ ಅನ್ನ ಇದ್ದದ್ದೇ ಆ ಹೆಸರುಗಳಲ್ಲಿ. ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಹಕ್ಕು, ಹಕ್ಕು ಎಂದು ಜಪ ಮಾಡಿದವಳು ನಾನು. ಸಾಫ್ಟ್‌ವೇರ್ ತೆರೆದರೆ ಹಕ್ಕು ಸಿಕ್ಕಿತು ಎಂದೇ ತಿಳಿದಿದ್ದೆ.

ದೊಡ್ಡಾಕೆ ಅಷ್ಟು ಹೊತ್ತೂ ದಾರದ ಉಂಡೆಗಳನ್ನು ಬಣ್ಣ ನೋಡಿ ಡಬ್ಬಿಗೆ ಹಾಕುತ್ತಿದ್ದಳು. ತಲೆ ಎತ್ತದೆ ನನ್ನನ್ನು ಕೇಳಿದಳು.

‘ಹೆಸರು ನಂದು, ಫೋನ್ ನಂಬರ್ ಬ್ಯಾರೆದವರದು ಇದ್ರ ನಡೀತೈತೇನ್ರಿ?’

‘ಹಕ್ಕು ಇರೋರು ಒಪ್ಪಿದರೆ ನಡೆಯುತ್ತೆ.’

‘ಹಂಗಾರ ಆಕಿ ನಂಬರ್ ಹಾಕ್ರಿ.’

ನಾನು ಬಿಡಿಸಿ ಹೇಳಿದೆ. ಆಗ ಒಟಿಪಿ ಕೊಟ್ಟೂರಿನ ಫೋನಿಗೆ ಬರುತ್ತದೆ. ಹಡಗಲಿಯಲ್ಲಿ ನೀವು ಅಂಗಡಿ ತೆರೆದರೆ, ನಿಮ್ಮದೇ ಹೆಸರಿನ ಸಾಫ್ಟ್‌ವೇರಿಗೆ ನೀವೇ ದಿನಾ ಇವಳಿಗೆ ಫೋನ್ ಮಾಡಿ ಕೇಳಬೇಕು. ಇವಳು ಸ್ನಾನಕ್ಕೆ ಹೋಗಿದ್ದರೆ ಕಾಯಬೇಕು, ಇವಳ ಫೋನಿನ ಚಾರ್ಜು ಹೋಗಿದ್ದರೆ ಆ ದಿನದ ಕೆಲಸವೇ ಹೋಯಿತು.

‘ಹೋಗ್ಲಿ, ಒಂದು ಕಪ್ ಚಾ ಕುಡಕಂತ ಕುಂದರತೀನಿ.’

‘ಬ್ಯಾಡ ಬೇ ಯಕ್ಕಾ’ ಎಂದಳು ಚಿಕ್ಕಾಕೆ, ಈಗ ಪೂರ್ತಿ ತಿರುಗಿ. ‘ನಿಂದನ್ನ ನೀನ ಯಾಕ ಕೇಳ್ತಿ?’

ದೊಡ್ಡಾಕೆ ನನ್ನ ಕಡೆ ತಿರುಗಿದಳು. ನನಗೆ ಹೇಳಿದಳು. ‘ಸೋಪು, ಎಣ್ಣಿ ಅಂತ ಅಂದಳಲ್ಲ, ಆಗೂ ಈಕಿ ಎಲ್ಲಿ ಕೇಳ್ಯಾಳ್ರಿ? ಅಡಗಿ ಮನ್ಯಾಗ ನಿಂತು ಅಳ್ತಿದ್ಲು. ಇಬ್ಬರದೂ ನಾನ ಹೋಗಿ ಅತ್ತಿನ್ನ ಕೇಳ್ತಿದ್ದೆ. ನನಗ ಕೇಳಿ ಕೇಳಿ ರೂಢಿ ಐತಿ. ನಂಬರ್ ಆಕಿದ ಹಾಕ್ರಿ.’

ಹಾಕಿದೆ. ಹಾಕುವಾಗ ನನ್ನ ಕಣ್ಣೂ ಮಂಜಾಗಿತ್ತು, ಸುಳ್ಳೇಕೆ ಹೇಳಲಿ. ಸರಿಯಾಗಿದೆಯೋ ಇಲ್ಲವೋ ಒಮ್ಮೆ ತೆರೆದು ನೋಡೋಣ ಎಂದೆ. ದೊಡ್ಡಾಕೆ ಕುರ್ಚಿ ಎಳೆದುಕೊಂಡು ಕೀಬೋರ್ಡಿನ ಮುಂದೆ ಕೂತು, ಒಂದೇ ಬೆರಳಿನಿಂದ ತನ್ನ ಹೆಸರು ಒತ್ತಿದಳು. ಪಕ್ಕದಲ್ಲಿ ನಿಂತಿದ್ದ ಚಿಕ್ಕಾಕೆಯ ಕೈಯಲ್ಲಿ ಫೋನ್ ಗುಂಯ್ ಎಂದಿತು.

‘ಎಷ್ಟು ಬಂತು ಹೇಳವಾ ತಂಗಿ’ ಎಂದಳು ದೊಡ್ಡಾಕೆ.

ಚಿಕ್ಕಾಕೆ ಫೋನ್ ನೋಡಿದಳು. ಓದಲು ಬಾಯಿ ತೆರೆದಳು, ಆಗಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನೋಡಿದಳು, ಮತ್ತೆ ಆಗಲಿಲ್ಲ. ಅಷ್ಟರಲ್ಲಿ ಒಟಿಪಿಯ ಹೊತ್ತು ಮೀರಿತು. ಕಂಪ್ಯೂಟರು ಕೆಂಪು ಅಕ್ಷರದಲ್ಲಿ ಇನ್ನೊಮ್ಮೆ ಪ್ರಯತ್ನಿಸಿ ಎಂದಿತು.

ದೊಡ್ಡಾಕೆ ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

‘ಅತ್ತು ಮುಗಿಸು ಮೊದಲ’ ಎಂದಳು. ‘ಆಮ್ಯಾಲೆ ಮತ್ತ ಕೇಳ್ತೀನಿ.’