ಬಾಗಿಲಲ್ಲಿ ನಿಂತು ನೋಡುವ ಹಜಾರ

ನಮ್ಮ ಭಾವನ ಮನೆಯ ಹಜಾರ ಹತ್ತಡಿ ಉದ್ದ, ಒಂಬತ್ತಡಿ ಅಗಲ. ಅದರೊಳಗೆ ಅವರು ಒಂದು ಅರಮನೆಯನ್ನೇ ತುರುಕಿದ್ದರು. ಮನುಷ್ಯರಿಗೆ ಜಾಗ ಉಳಿದಿರಲಿಲ್ಲ, ಅಷ್ಟೇ.

ಭಾವ ಒಂದು ದೊಡ್ಡ ಫರ್ನಿಚರ್ ಅಂಗಡಿಯಲ್ಲಿ ಸಾಮಾನು ಹೊರುವ ಕೆಲಸಕ್ಕೆ ಸೇರಿ, ಮಾದರಿ ಕೋಣೆಗಳನ್ನು ಜೋಡಿಸುವವರೆಗೆ ಮೇಲೆ ಬಂದವರು. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ಮಾದರಿ ಕೋಣೆಗೆ ಮೂರೇ ಗೋಡೆ. ನಾಲ್ಕನೆಯದು ಇರಬೇಕಾದ ಕಡೆ ಗಿರಾಕಿ ನಿಂತು ನೋಡುತ್ತಾನೆ. ಅಲ್ಲಿನ ಟಿವಿ ರಟ್ಟಿನದು, ಸೇಬು ಪ್ಲಾಸ್ಟಿಕ್ಕಿನದು. ಕಿಟಕಿಯೆಂದರೆ ಗೋಡೆಗೆ ಹೊಡೆದ ಚೌಕಟ್ಟು, ಅದರ ಹಿಂದೆ ಟ್ಯೂಬ್‌ಲೈಟು. ನಿಂತು ನೋಡುವವನಿಗೆ ಚೆನ್ನಾಗಿ ಕಂಡರೆ ಕೆಲಸ ಮುಗಿಯಿತು. ಕೂರುವವನ ಪಾಡು ಭಾವನ ಇಲಾಖೆಗೆ ಸೇರಿದ್ದಲ್ಲ.

ಈ ವಿದ್ಯೆಯನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದರೆ ನನಗೇನೂ ತಕರಾರಿರಲಿಲ್ಲ. ಮನೆಯಲ್ಲೂ ಸೋಫಾ ಬಾಗಿಲಿಗೆ ಮುಖ ಮಾಡಿತ್ತು, ಎರಡು ಕುರ್ಚಿಗಳೂ ಬಾಗಿಲಿಗೇ ಮುಖ ಮಾಡಿದ್ದವು. ನಾಲ್ಕು ಜನ ಸೇರಿದರೆ ಬಸ್ಸಿನಲ್ಲಿ ಕೂತ ಹಾಗೆ ಎಲ್ಲರೂ ಮುಂದೆ ನೋಡಿಕೊಂಡೇ ಮಾತಾಡಬೇಕು. ಸೋಫಾದ ಪ್ಲಾಸ್ಟಿಕ್ ಹೊದಿಕೆಯನ್ನು ಹನ್ನೊಂದು ವರ್ಷದಿಂದ ಯಾರೂ ತೆಗೆದಿರಲಿಲ್ಲ. ಬೇಸಿಗೆಯಲ್ಲಿ ಅದರ ಮೇಲಿಂದ ಎದ್ದವರು ಚರ್ಮ ಅಲ್ಲೇ ಬಿಟ್ಟೆವೇನೋ ಎಂದು ಒಮ್ಮೆ ಹಿಂತಿರುಗಿ ನೋಡುತ್ತಿದ್ದರು. ಕಪಾಟಿನಲ್ಲಿ ಸಾಲಾಗಿ ಪುಸ್ತಕಗಳಿದ್ದವು. ನಾನೊಮ್ಮೆ ಒಂದನ್ನು ಎಳೆದೆ, ಎಂಟೂ ಒಟ್ಟಿಗೆ ಬಂದವು. ಅಂಗಡಿಯಿಂದ ತಂದ ಒಂದು ಸೇಬಿನ ಮೇಲೆ ಯಾವುದೋ ವಿಮಾ ಏಜೆಂಟರ ಹಲ್ಲಿನ ಗುರುತಿತ್ತು. ಭಾವ ಆ ಭಾಗವನ್ನು ಗೋಡೆಯ ಕಡೆ ತಿರುಗಿಸಿಟ್ಟಿದ್ದರು.

ಇಷ್ಟೆಲ್ಲದರ ನಡುವೆ ನಮ್ಮಕ್ಕ ಎಂಬ ಒಂದು ಪ್ರಾಣಿಯೂ ಆ ಮನೆಯಲ್ಲಿತ್ತು.

ಅಕ್ಕ ಪರದೆಗಳಿಗೆ ಅಂಚು ಹೊಲಿಯುತ್ತಾಳೆ, ಪ್ಯಾಂಟುಗಳ ಉದ್ದ ಕಡಿಮೆ ಮಾಡಿಕೊಡುತ್ತಾಳೆ. ಮದುವೆಯಾದ ಹೊಸದರಲ್ಲಿ ಅವಳ ಹೊಲಿಗೆ ಯಂತ್ರ ಹಜಾರದ ಕಿಟಕಿಯ ಪಕ್ಕ ಇತ್ತು. ಆ ಮನೆಗೆ ಬೆಳಕು ಬರುವುದು ಅದೊಂದೇ ಕಿಟಕಿಯಿಂದ. ಯಂತ್ರದಿಂದ ಅಂದ ಕೆಡುತ್ತದೆ ಎಂದು ಭಾವ ಅದನ್ನು ಮೊದಲು ಬಾಗಿಲ ಹಿಂದಕ್ಕೆ ತಳ್ಳಿದರು, ಆಮೇಲೆ ಅಡುಗೆಮನೆಗೆ, ಕೊನೆಗೆ ಬಚ್ಚಲಿನ ಪಕ್ಕದ ಓಣಿಗೆ. ಕಿಟಕಿಗೆ ದಪ್ಪ ಪರದೆ ಬಂತು. ಸರಿಸಿದರೆ ನೆರಿಗೆ ಹಾಳಾಗುತ್ತದೆಂದು ಅದನ್ನು ಸರಿಸುವ ಹಾಗಿರಲಿಲ್ಲ. ಅದರ ಮುಂದೆ ಆಳೆತ್ತರದ ಪ್ಲಾಸ್ಟಿಕ್ ಗಿಡವೊಂದು ಬಂದು ನಿಂತಿತು. ಬಿಸಿಲು ಬೇಡದ ಗಿಡಕ್ಕೆ ಕಿಟಕಿ, ಸೂಜಿಗೆ ದಾರ ಪೋಣಿಸುವವಳಿಗೆ ಬಚ್ಚಲ ಓಣಿ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ.

ಐವತ್ತು ದಾಟಿದ ಮೇಲೆ ಅಕ್ಕನ ಕಣ್ಣು ಮಂಜಾಯಿತು. ಹಗಲಿನ ಬೆಳಕಲ್ಲಿ ಹೊಲಿಯಿರಿ, ಇಲ್ಲದಿದ್ದರೆ ಹೊಲಿಗೆ ಬಿಡಿ ಎಂದರು ಕಣ್ಣಿನ ಡಾಕ್ಟರು. ಹೊಲಿಗೆ ಬಿಡುವುದೆಂದರೆ ಅಕ್ಕನಿಗೆ ಉಸಿರು ಬಿಟ್ಟಂತೆಯೇ. ಕಿಟಕಿಯ ಹತ್ತಿರ ಒಂದು ಸ್ಟೂಲಿನಷ್ಟು ಜಾಗ ಕೇಳಿದಳು. ಭಾವ ಟೇಪು ತೆಗೆದು ಅಡ್ಡ ಹಿಡಿದರು, ಉದ್ದ ಹಿಡಿದರು, ತಲೆಯಾಡಿಸಿದರು. ಗಿಡ ತೆಗೆದರೆ ಬ್ಯಾಲೆನ್ಸ್ ಹೋಗುತ್ತದಂತೆ.

ಅದಾಗಿ ತಿಂಗಳಿಗೆ ಅಕ್ಕ ಬ್ಯಾಂಕಿನ ಕ್ಯಾಷಿಯರ್ ಒಬ್ಬರ ಪ್ಯಾಂಟಿನ ಒಂದು ಕಾಲಿಗೆ ಕಪ್ಪು ದಾರ, ಇನ್ನೊಂದಕ್ಕೆ ನೀಲಿ ದಾರ ಹಾಕಿದಳು. ಅವರು ತಂದು ತೋರಿಸಿ ನಕ್ಕರು. ಅಕ್ಕ ನಗಲಿಲ್ಲ. ಅದನ್ನು ಬಿಚ್ಚಿ ಹೊಲಿಯುವಾಗ ಯಂತ್ರದ ಸೂಜಿ ಅವಳ ತೋರುಬೆರಳಿನ ಉಗುರಿಗೇ ಇಳಿಯಿತು. ಬಟ್ಟೆ ಕಟ್ಟಿದವಳು ನಾನು. ಸಂಜೆ ಬಂದ ಭಾವ, ತುಂಬ ನೋವಾಯಿತಾ ಎಂದು ನಿಜವಾದ ಕಾಳಜಿಯಿಂದಲೇ ಕೇಳಿದರು. ಕಣ್ಣು ಮಾತ್ರ ಹಜಾರದ ಜಮಖಾನೆಯಲ್ಲಿ ರಕ್ತದ ಕಲೆ ಹುಡುಕುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

ಸೋಮವಾರ ಬೆಳಿಗ್ಗೆ ಅಕ್ಕ ಪ್ಯಾಂಟುಗಳನ್ನು ಚೀಲಕ್ಕೆ ತುಂಬಿ, ಬಾರೇ ಎಂದು ನನ್ನನ್ನೂ ಕರೆದುಕೊಂಡು ಸೀದಾ ಭಾವನ ಅಂಗಡಿಗೆ ಹೋದಳು. ನಾಲ್ಕನೇ ಮಾದರಿ ಕೋಣೆಯಲ್ಲಿ, ಸುಳ್ಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಕನ್ನಡಕ ಹಾಕಿಕೊಂಡು ಕೈಹೊಲಿಗೆ ಶುರು ಮಾಡಿದಳು. ಸುಳ್ಳು ಕಿಟಕಿಯಾದರೇನು, ಟ್ಯೂಬ್‌ಲೈಟಿನ ಬೆಳಕು ನಿಜವಾಗಿತ್ತು.

ಭಾವ ಕೊರಳಲ್ಲಿ ಟೇಪು ನೇತಾಡಿಸಿಕೊಂಡು ಓಡಿ ಬಂದರು. "ಏಳು, ಏಳು. ಜನ ನೋಡ್ತಿದ್ದಾರೆ."

"ನೋಡ್ಲಿ ಬಿಡಿ. ನೋಡೋಕೆ ತಾನೇ ಜೋಡ್ಸಿರೋದು?"

"ಇದನ್ನ ಮನೇಲಿ ಕೂತು ಮಾಡೋಕಾಗಲ್ವಾ?"

ಅಕ್ಕ ದಾರವನ್ನು ಹಲ್ಲಿನಿಂದ ಕಡಿದಳು. "ಮನೇಲಿ ಎಲ್ರೀ ಕೂರ್ಲಿ? ನೀವೇ ಅಳತೆ ಮಾಡಿ, ಜಾಗ ಇಲ್ಲ ಅಂದ್ರಲ್ಲ."

ಅಷ್ಟರಲ್ಲಿ ವಯಸ್ಸಾದ ಗಂಡ ಹೆಂಡತಿ ಬಂದು ನಿಂತರು. ಕೂತರೆ ಬೆನ್ನು ನೋಯುತ್ತದಾ ಎಂದು ಆಕೆ ಅಕ್ಕನನ್ನೇ ಕೇಳಿದರು. ಇಲ್ಲ, ಆದರೆ ಕುರ್ಚಿಯ ಕೈ ಸ್ವಲ್ಪ ಎತ್ತರವಾಯಿತು, ಮೊಣಕೈಗೆ ತಾಗುತ್ತದೆ ಎಂದಳು ಅಕ್ಕ. ಆ ಅಂಗಡಿಯಲ್ಲಿ ಮೊದಲ ಸಲ ನಿಜ ಕೇಳಿದ ಸಂತೋಷಕ್ಕೋ ಏನೋ, ಅವರು ಎರಡು ಕುರ್ಚಿ ಕೊಂಡರು. ಇದನ್ನೆಲ್ಲ ದೂರದಿಂದ ನೋಡುತ್ತಿದ್ದ ಮ್ಯಾನೇಜರ್ ಕೈಕೈ ಉಜ್ಜಿಕೊಂಡು ಬಂದು ಭಾವನ ಬೆನ್ನು ತಟ್ಟಿದರು. ಎಲ್ಲ ಭಾವನ ಯೋಜನೆಯೆಂದೇ ಅವರು ತಿಳಿದಿದ್ದರು.

"ಇಷ್ಟು ವರ್ಷಕ್ಕೆ ಈ ಕೋಣೆಯಲ್ಲಿ ಯಾರೋ ಇದ್ದಾರೆ ಅನ್ನಿಸ್ತಿದೆ ನೋಡಿ. ಈಯಮ್ಮನ್ನ ದಿನಾ ಕರೆಸಿ."

ಮ್ಯಾನೇಜರ್ ನಿಲ್ಲು ಅಂದರೆ ನಿಲ್ಲುವ, ಕೂರು ಅಂದರೆ ಕೂರುವ ಮನುಷ್ಯ ನಮ್ಮ ಭಾವ. ಅಕ್ಕನ ಬೆರಳಿನ ಬಟ್ಟೆಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು.

"ಆಗಲ್ಲ ಸರ್. ನಾಳೆಯಿಂದ ಅವಳು ಮನೇಲೇ ಕೂರ್ತಾಳೆ. ಕಿಟಕಿ ಹತ್ರ."

ಭಾವನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕಾದ ಪ್ರಸಂಗ ಜೀವನದಲ್ಲಿ ಬರುತ್ತದೆಂದು ನಾನು ಎಣಿಸಿರಲಿಲ್ಲ. ಬಂತು, ಹೇಳಿದ್ದೇನೆ.

ಈಗ ಗಿಡ ಬಚ್ಚಲ ಓಣಿಯಲ್ಲಿದೆ, ಪರದೆ ತೆರೆದಿದೆ, ಯಂತ್ರ ಕಿಟಕಿಗೆ ಅಂಟಿಕೊಂಡಿದೆ. ಸೋಫಾ ಸರಿದದ್ದರಿಂದ ಮುಂಬಾಗಿಲು ಅರ್ಧವೇ ತೆರೆಯುತ್ತದೆ. ಹೊಟ್ಟೆಯಿರುವವರು ಉಸಿರು ಬಿಗಿಹಿಡಿದು ಅಡ್ಡಡ್ಡವಾಗಿ ಬರಬೇಕು. ಬಾಗಿಲಲ್ಲಿ ನಿಂತರೆ ಕಾಣುವುದು ಅಕ್ಕನ ಬೆನ್ನು, ಬಟ್ಟೆಚೂರುಗಳ ರಾಶಿ, ಅಷ್ಟೇ.

ನಿನ್ನೆ ಸಂಜೆ ನಾನು ಅಲ್ಲಿದ್ದೆ. ಭಾವ ಕೆಲಸದಿಂದ ಬಂದು, ರೂಢಿಯಂತೆ ಹೊಸ್ತಿಲಲ್ಲಿ ನಿಂತು, ತಲೆ ಓರೆ ಮಾಡಿ ನೋಡಿದರು. ಕೈ ತಾನಾಗಿ ಜೇಬಿಗೆ ಹೋಗಿ ಟೇಪು ಹೊರತೆಗೆಯಿತು. ಯಂತ್ರ ಎರಡೇ ಇಂಚು ಎಡಕ್ಕೆ ಬಂದಿದ್ದರೆ, ಎಂದು ಶುರು ಮಾಡಿದರು.

ಅಕ್ಕ ತಿರುಗಿ ನೋಡಲೂ ಇಲ್ಲ. "ನಾಲ್ಕನೇ ಕೋಣೆಯ ಟ್ಯೂಬ್‌ಲೈಟು ಇನ್ನೂ ಉರೀತಿದ್ಯೇನ್ರೀ?"

ಭಾವ ಟೇಪನ್ನು ಜೇಬಿಗೆ ಹಾಕಿಕೊಂಡು, ಅಡ್ಡಡ್ಡವಾಗಿ ಒಳಗೆ ಬಂದರು.