ಡಬ್ಬಿ ಬಿಚ್ಚುವ ಅಫ್ರೀನ್
ಚನ್ನಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯ ಅಫ್ರೀನ್‌ಗೆ ಹತ್ತು ವರ್ಷ. ಅವಳ ಪ್ರೇಕ್ಷಕರಿಗೆ ಮಾತ್ರ ಲೆಕ್ಕವಿಲ್ಲ, ಏಕೆಂದರೆ ಒಬ್ಬರೂ ಇಲ್ಲ. ಹೊಸ ಗೊಂಬೆಗಳ ಡಬ್ಬಿ ಬಿಚ್ಚಿ ತೋರಿಸುವ ಹುಡುಗಿಯರನ್ನು ಅಮ್ಮನ ಮೊಬೈಲಿನಲ್ಲಿ ನೋಡಿ ನೋಡಿ, ಗೊಂಬೆ ಮಾಡುವ ತಂದೆ ಮೂಲೆಗೆಸೆದ ಮರದ ತುಂಡೊಂದನ್ನು ಗೋಡೆಗೆ ಒರಗಿಸಿ, ಅದನ್ನೇ ಮೊಬೈಲು ಮಾಡಿಕೊಂಡು, "ಹಾಯ್ ಫ್ರೆಂಡ್ಸ್, ನನ್ನ ಚಾನೆಲ್‌ಗೆ ಮತ್ತೆ ಸ್ವಾಗತ" ಎಂದು ದಿನವೂ ಶುರುಮಾಡುತ್ತಾಳೆ. ಮೂವತ್ತು ವರ್ಷ ಪಾಠ ಹೇಳಿದ ನನಗೂ ಅಷ್ಟು ಸ್ಪಷ್ಟವಾದ ಉಚ್ಚಾರಣೆ ಒಲಿದಿರಲಿಲ್ಲ. ಆಮೇಲೆ ಅಂಗಡಿಗೆ ಹೋಗಲಿರುವ ಡಬ್ಬಿಯೊಂದನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ, ಒಳಗಿನ ಮರದ ಕುದುರೆಯನ್ನು ಜನ್ಮದಲ್ಲೇ ಕಾಣದವಳಂತೆ ಉಸಿರು ಬಿಗಿಹಿಡಿಯುತ್ತಾಳೆ. ಬೆಳಿಗ್ಗೆ ಅದನ್ನು ಒಳಗಿಟ್ಟವಳೂ ಅವಳೇ. "ನೋಡಿ ಫ್ರೆಂಡ್ಸ್, ಎಷ್ಟ್ ನೈಸಾಗೈತೆ, ಇಷ್ಟ ಆದ್ರೆ ಲೈಕ್ ಮಾಡಿ" ಎಂದು ಅವಳು ಅದರ ಮೈಮೇಲಿನ ಅರಗಿನ ಬಣ್ಣದ ಹೊಳಪನ್ನು ಬೆಳಕಿಗೆ ತಿರುಗಿಸಿದಾಗ, ತಂದೆಯೂ ಕೆಲಸ ನಿಲ್ಲಿಸಿ, ತಾವೇ ಕಡೆದ ಕುದುರೆಯನ್ನು ಬೆರಗಾಗಿ ನೋಡುತ್ತಾರೆ. ಕೊನೆಗೆ ಬಾಯ್ ಹೇಳಿ, ಕುದುರೆಯನ್ನು ಡಬ್ಬಿಯಲ್ಲಿ ಮಲಗಿಸಿ, ಹಾಗೆಯೇ ಮುಚ್ಚಿಬಿಡುತ್ತಾಳೆ. "ಸ್ವಲ್ಪ ಹೊತ್ತು ಆಡಬಾರದೇನಮ್ಮ?" ಎಂದು ನಿನ್ನೆ ಕೇಳಿದೆ. "ಬಿಚ್ಚಿದ್ರೆ ತಿರ್ಗ ಮುಚ್ಬೋದು ಸಾರ್," ಎಂದಳು ಅಫ್ರೀನ್, "ಆಡ್ಬುಟ್ರೆ ಅಂಗ್ಡಿಗೆ ಕೊಡಕ್ಕೆ ಮನ್ಸೇ ಬರಲ್ಲ."